ಎರಡು ಆಮೆನ್ ನಡುವೆ ಆರಿದ ಸಾರು

ಆ ಭಾನುವಾರ ಮಟನ್ ಸರಿಯಾಗಿ ಬೆಂದಿರಲಿಲ್ಲ. ಆ ದಿನ ನನ್ನ ಪಾಲಿಗಿದ್ದ ದೊಡ್ಡ ಚಿಂತೆ ಅದೊಂದೇ. ಕುಕ್ಕರಿನ ಸೀಟಿ ಎಣಿಸುತ್ತ ಕೊತ್ತಂಬರಿ ಸೋಸಲು ಕೂತವಳು ಎಣಿಕೆ ತಪ್ಪಿ ಒಲೆ ಬೇಗ ಆರಿಸಿಬಿಟ್ಟಿದ್ದೆ. ಊಟಕ್ಕೆ ಕೂತ ಇಬ್ಬರು ಗಂಡಸರೂ ಎಲುಬು ಹಿಡಿದು ಎಳೆದಾಡುತ್ತಿದ್ದರು.

ಒಬ್ಬರು ನಮ್ಮವರು, ಕರುಣಾಕರ. ಪಿಂಪರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಇನ್ನೊಬ್ಬ ನನ್ನ ತಮ್ಮ ದೇವಪುತ್ರ. ಧನಕವಡಿಯಲ್ಲಿ ಕಾಲೇಜುಗಳ ಹತ್ತಿರ ಝೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಅವನಿಗೆ ಲಗ್ನವಾಗಲಿಲ್ಲ, ನಮಗೆ ಮಕ್ಕಳಾಗಲಿಲ್ಲ. ಹಾಗಾಗಿ ಭಾನುವಾರದ ಊಟ ಮೂವರದೂ ಒಂದೇ ಕಡೆ. ಸ್ವಾರಗೇಟಿನಲ್ಲಿ ಮೆಟ್ರೋ ಹತ್ತಿ, ಪಿಂಪರಿಯಲ್ಲಿ ಇಳಿದು, ಶೇರ್ ರಿಕ್ಷಾದಲ್ಲಿ ಮೊಣಕಾಲು ಮಡಚಿ ಕೂತು ಅವನು ನಿಗಡಿಯ ನಮ್ಮ ಮನೆಗೆ ಬರುತ್ತಿದ್ದ. ಊಟಕ್ಕೆ ಬಂದೆ ಅನ್ನುತ್ತಿದ್ದ. ನಿಜವಾಗಿ ಬರುತ್ತಿದ್ದದ್ದು ವಾದ ಮಾಡಲು.

ವರ್ಷಗಟ್ಟಲೆ ಒಂದೇ ವಾದ. ಯೇಸುಸ್ವಾಮಿ ದೇವರೋ, ಮನುಷ್ಯನೋ. ನಮ್ಮವರು ದೇವರು ಅನ್ನುವ ಕಡೆ. ತಮ್ಮ ಮನುಷ್ಯ ಅನ್ನುವ ಕಡೆ. ದೇವರು ಕಳಿಸಿದ, ದೇವರಿಗೆ ಎಲ್ಲರಿಗಿಂತ ಬೇಕಾದ ಮನುಷ್ಯ, ಆದರೆ ಮನುಷ್ಯನೇ. ನಾನು ರೊಟ್ಟಿ ಬಡಿಯುವ ಕಡೆ.

ಆ ದಿನ ದೇವಪುತ್ರ ಎಲುಬನ್ನು ತಾಟಿನ ಅಂಚಿಗೆ ಸರಿಸಿ ಕೇಳಿದ. "ಮಾಮಾ, ಶಿಲುಬಿ ಮ್ಯಾಲ ಆತ ನೀರಡಿಕಿ ಆಗೇದ ಅಂದ. ಹೌದಲ್ಲರಿ?"

"ಹೌದು. ಅಂದ."

"ದೇವರಿಗೆ ನೀರಡಿಕಿ ಆಗ್ತದೇನ್ರಿ? ಸಮುದ್ರ ಮಾಡಿದವಗ ಒಂದು ಗುಟುಕು ನೀರು ಬೇಕಾತೇನು?"

"ಮನುಷ್ಯ ಆಗಿ ಬಂದಾನ. ಮನುಷ್ಯನ ನೀರಡಿಕಿ."

"ಇದು ಹಳೇ ಉತ್ತರ. ಇದನ್ನ ನೀವು ಹೋದ ಮಳೆಗಾಲದಾಗ ಕೊಟ್ಟೀರಿ."

"ಹಂಗಾರ ಹೊಸಾದು ಬೇಕೇನು ನಿನಗ?"

"ಬೇಕು."

ನಮ್ಮವರು ಬೆರಳು ನೆಕ್ಕಿ ನಕ್ಕರು. "ಮುಂದಿನ ರವಿವಾರ ಬಾ. ಕೊಡ್ತೀನಿ. ಏ ಸುಗುಣಾ, ಮುಂದಿನ ವಾರ ಮಟನ್ ಬೇಯಿಸಿ ಕೊಡು. ಇವ ಎಲುಬು ಎಳಿಯೋದರಾಗ ಇದ್ರ ನನ್ನ ಉತ್ತರ ಕೇಳಾಂಗಿಲ್ಲ."

ಬುಧವಾರ ಬೆಳಿಗ್ಗೆ ಹಾಲು ತರಲು ಹೋದವರು ಸೊಸೈಟಿಯ ಗೇಟಿನ ಬಳಿ ವಾಚ್‌ಮನ್‌ನ ಕುರ್ಚಿಯ ಮೇಲೆ ಕೂತರು. ಅಲ್ಲಿಂದ ಏಳಲಿಲ್ಲ.

ಆ ಹೊಸ ಉತ್ತರ ಏನಿತ್ತು? ನಾನು ಇದನ್ನು ಬರೆಯಲು ಕೂತದ್ದೇ ಅದು ತಿಳಿಯದೆ. ನಾನು ಹೆಚ್ಚು ಓದಿದವಳಲ್ಲ. ಬೆಟಗೇರಿಯಲ್ಲಿ ಹತ್ತನೇ ಇಯತ್ತೆವರೆಗೆ ಓದಿ, ಲಗ್ನವಾಗಿ ಈ ಮರಾಠಿ ಊರಿಗೆ ಬಂದವಳು. ದೇವರ ವಿಷಯದಲ್ಲಿ ತೀರ್ಪು ಕೊಡುವ ಕೆಲಸ ನನ್ನದು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಇಬ್ಬರ ವಾದದಲ್ಲಿ ನನ್ನ ಕಿವಿಗೆ ಬಿದ್ದದ್ದು ಅರ್ಧ, ಉಳಿದರ್ಧ ಒಗ್ಗರಣೆಯ ಸದ್ದಿನಲ್ಲಿ ಹೋಯಿತು. ಈಗ ಆ ಅರ್ಧವೂ ಬೇಕಿತ್ತು ಅನಿಸುತ್ತದೆ.

ದೇವಪುತ್ರನಿಗೆ ಈ ಪ್ರಶ್ನೆ ದೊಡ್ಡವನಾದ ಮೇಲೆ ಹತ್ತಿದ್ದಲ್ಲ. ಬೆಟಗೇರಿಯ ಸಂಡೆ ಸ್ಕೂಲಿನಲ್ಲಿ ನಾವು ಚಾಪೆಯ ಮೇಲೆ ಕೂರುತ್ತಿದ್ದೆವು. ಹಾಜರಿ ತಪ್ಪಿಸದವರಿಗೆ ಬಣ್ಣದ ಚಿತ್ರದ ಕಾರ್ಡು ಕೊಡುತ್ತಿದ್ದರು. ಚಿತ್ರದಲ್ಲಿ ಯೇಸುಸ್ವಾಮಿಯ ಬಟ್ಟೆ ಯಾವಾಗಲೂ ಬೆಳ್ಳಗೆ, ಪಾದಕ್ಕೆ ಒಂದು ಚೂರೂ ಧೂಳಿಲ್ಲ. ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಮತ್ತು ಧೂಳು ಬಿಟ್ಟರೆ ಬೇರೆ ಇರಲಿಲ್ಲವಾದ್ದರಿಂದ ಅಷ್ಟು ಬೆಳ್ಳಗಿದ್ದವರು ಎಲ್ಲಿ ನಡೆದಾಡುತ್ತಾರೋ ಎಂದು ನನಗೆ ಆಶ್ಚರ್ಯ. ನಾನು ಆಶ್ಚರ್ಯಪಟ್ಟು ಸುಮ್ಮನಿರುತ್ತಿದ್ದೆ. ದೇವು ಸುಮ್ಮನಿರುವವನಲ್ಲ. ಸ್ವಾಮಿ ನದಿಯಲ್ಲಿ ಇಳಿದು ದೀಕ್ಷಾಸ್ನಾನ ಮಾಡಿಸಿಕೊಂಡ ಕಥೆ ಹೇಳುವಾಗ ಕೈ ಎತ್ತಿದ.

"ಟೀಚರ್, ಯೇಸುಸ್ವಾಮಿಗೆ ನೆಗಡಿ ಆತೇನ್ರಿ?"

ತಲೆಯ ಮೇಲೆ ಬೆರಳ ಗಂಟಿನ ಏಟು ಬಿತ್ತು. ದೇವರಿಗೆ ನೆಗಡಿ ಆಗುವುದಿಲ್ಲ ಎಂದರು ಟೀಚರ್. ಮನೆಗೆ ಬಂದು ಅಳುತ್ತ ಅವ್ವನಿಗೆ ಹೇಳಿದ. ಅವ್ವ ಕೌದಿ ಹೊದಿಸಿ ಹೇಳಿದಳು. "ಆಗಿದ್ರ ಅವರವ್ವ ಮೆಣಸಿನ ಕಷಾಯ ಮಾಡಿ ಕುಡಿಸಿರತಾಳ. ನೀ ಮಲಕೋ."

ಆ ಎರಡು ಉತ್ತರಗಳ ನಡುವೆಯೇ ನನ್ನ ತಮ್ಮ ಆಯುಷ್ಯ ಕಳೆದ. ಕೊನೆಗೆ ಕಷಾಯದ ಕಡೆ ವಾಲಿದ.

ವಾಲಿದ್ದಕ್ಕೆ ಅವನ ಕಸುಬೂ ಕಾರಣ. ಬೈಂಡಿಂಗಿಗೆ ಬಂದದ್ದನ್ನೆಲ್ಲ ಓದುವ ಚಟ ಅವನಿಗೆ. ಇಂಜಿನಿಯರಿಂಗ್ ಪ್ರಾಜೆಕ್ಟುಗಳನ್ನೂ ಓದುತ್ತಾನೆ, ತಿಳಿಯುವುದಿಲ್ಲ, ಆದರೂ ಓದುತ್ತಾನೆ. ಒಮ್ಮೆ ದೇವಶಾಸ್ತ್ರ ಓದುವ ಹುಡುಗನೊಬ್ಬ ತನ್ನ ಪ್ರಬಂಧ ತಂದುಕೊಟ್ಟನಂತೆ. ಬಹಳ ಹಿಂದೆ ಪರದೇಶದ ಬಿಷಪ್ಪರು ರಾಜನ ಎದುರು ಸಭೆ ಸೇರಿ ಇದೇ ಪ್ರಶ್ನೆಗೆ ಜಗಳ ಆಡಿದ ವಿಷಯ. ದೇವಪುತ್ರ ಓದುತ್ತ ಕೂತು ಬೈಂಡಿಂಗ್ ತಡವಾಯಿತು, ಅವಸರದಲ್ಲಿ ರಟ್ಟು ತಲೆಕೆಳಗಾಗಿ ಅಂಟಿಸಿದ. ಹುಡುಗ ಬೈದು ಹೋದ. ಇವನು ಮತ್ತೆ ಸಿಕ್ಕಾಗ ಅದೇ ಹುಡುಗನಿಗೆ ಚಹ ಕುಡಿಸಿ ಇನ್ನಷ್ಟು ಪುಸ್ತಕ ಎಲ್ಲಿ ಸಿಗುತ್ತವೆ ಎಂದು ಕೇಳಿಕೊಂಡ. ಆ ವರ್ಷದಿಂದ ಚರ್ಚಿಗೆ ಬರುವುದು ಬಿಟ್ಟ. ಧನಕವಡಿಯಲ್ಲೇ ಯಾರದೋ ಮನೆಯ ಮೇಲಿನ ಖೋಲಿಯಲ್ಲಿ ನಾಲ್ಕಾರು ಜನ ಕೂಡಿ ಓದುತ್ತಾರೆ, ಅಲ್ಲಿಗೆ ಹೋಗತೊಡಗಿದ. ಯೇಸುವನ್ನು ಗೌರವಿಸಬೇಕು, ಅನುಸರಿಸಬೇಕು, ಆದರೆ ಪ್ರಾರ್ಥನೆ ಮಾಡಬೇಕಾದದ್ದು ತಂದೆಯಾದ ದೇವರೊಬ್ಬನಿಗೇ ಎಂಬುದು ಅವರ ತಿಳಿವಳಿಕೆ.

ನಮ್ಮವರು ಇದನ್ನು ಕೇಳಿ ಸಿಟ್ಟಿಗೇಳುತ್ತಾರೆ, ಮನೆಗೆ ಬರಬೇಡ ಅನ್ನುತ್ತಾರೆ ಎಂದು ನಾನು ಹೆದರಿದ್ದೆ. ಅವರು ಕೇಳಿದ್ದು ಇಷ್ಟೇ. "ಆ ಬಿಷಪ್ಪರ ಸಭಾದಾಗ ಒಬ್ಬಾಂವ ಇನ್ನೊಬ್ಬನ ಕಪಾಳಕ್ಕ ಹೊಡದಾ ಅಂತಾರಲ್ಲೋ, ಹೊಡಿಸಿಕೊಂಡಾಂವ ನಿಮ್ಮ ಕಡಿಯವನ ಹೌದಲ್ಲ?"

"ಹೌದ್ರಿ ಮಾಮಾ."

"ಹಂಗಾರ ರವಿವಾರ ಬಾ. ನಾ ಹೊಡಿಯಾಂಗಿಲ್ಲ. ನಿಮ್ಮ ಅಕ್ಕನ ಮುಂದ ಮಾತಾಡೋಣು."

ಹೀಗೆ ಶುರುವಾಯಿತು. ತಮ್ಮನ ಹೆಸರನ್ನೇ ಮೊದಲು ಹಿಡಿದರು. "ನಿನ್ನ ಹೆಸರ ದೇವಪುತ್ರ. ನೀ ಹಿಂಗ ಅಂದ್ರ ಹೆಂಗಪಾ?"

"ಅದ ನಾ ಹೇಳೋದು ಮಾಮಾ. ನಾನೂ ದೇವಪುತ್ರ. ಹಂಗಂತ ನಾ ದೇವರೇನು?"

ನಾನು ಅಡುಗೆಮನೆಯಲ್ಲಿ ನಕ್ಕದ್ದು ಇಬ್ಬರಿಗೂ ಕೇಳಿಸಿತ್ತು.

ಇನ್ನು ಪ್ರಾರ್ಥನೆಯ ಕಥೆ. ನಮ್ಮ ಮನೆಗಳಲ್ಲಿ ಊಟಕ್ಕೆ ಮುಂಚೆ ಹಿರಿಯರು ಪ್ರಾರ್ಥನೆ ಮಾಡುತ್ತಾರೆ, ಉಳಿದವರು ಆಮೆನ್ ಅನ್ನುತ್ತಾರೆ. ಪ್ರಾರ್ಥನೆ ಒಬ್ಬರದಾದರೂ ಆಮೆನ್ ಎಂದರೆ ನನ್ನದೂ ಅದೇ ಮಾತು ಎಂದು ಸಹಿ ಹಾಕಿದಂತೆ. ನಮ್ಮವರದು ಯಾವಾಗಲೂ "ಯೇಸುಸ್ವಾಮಿ, ಈ ಮನಿಗೆ ಬಾ, ನಮ್ಮ ಸಂಗಡ ಉಣ್ಣು" ಎಂದು ಶುರುವಾಗುತ್ತಿತ್ತು. ವಾದ ಶುರುವಾದ ಆ ಭಾನುವಾರ ಅದು ಮುಗಿದಾಗ ನಾನು ಆಮೆನ್ ಅಂದೆ. ತಮ್ಮ ತುಟಿ ಬಿಗಿ ಹಿಡಿದು ಕೂತ. ಸುಳ್ಳು ಸಹಿ ಹಾಕುವುದಿಲ್ಲ ಎಂದ. ಹಾಗೆಂದು ಪ್ರಾರ್ಥನೆ ಇಲ್ಲದೆ ಉಣ್ಣುವುದೂ ಇಲ್ಲ. ಆಮೇಲೆ ತಾನೇ ಕಣ್ಣು ಮುಚ್ಚಿ ತಂದೆಯಾದ ದೇವರಿಗೆ ಬೇರೆ ಪ್ರಾರ್ಥನೆ ಮಾಡಿದ. ಅದಕ್ಕೆ ನಮ್ಮವರು ಗೋಡೆ ನಡುಗುವಂತೆ ಆಮೆನ್ ಅಂದರು.

"ನೀವು ಯಾಕ ಅಂದ್ರಿ ಮಾಮಾ?"

"ನನಗೇನಪಾ? ನೀ ಕರದಾಂವ ನನಗೂ ಬೇಕಾದಾಂವನ. ನಾ ಕರದಾಂವ ನಿನಗ ಬ್ಯಾಡಾಗ್ಯಾನ. ತೂತು ನಿನ್ನ ಕಡೆ ಅದ, ನನ್ನ ಕಡೆ ಇಲ್ಲ."

ಅಂದಿನಿಂದ ನಮ್ಮ ಮನೆಯ ಭಾನುವಾರದ ಊಟಕ್ಕೆ ಎರಡು ಪ್ರಾರ್ಥನೆ, ಎರಡು ಆಮೆನ್. ಆ ಎರಡರ ನಡುವೆ ಇಬ್ಬರೂ ಸುಮ್ಮನಿರುತ್ತಿರಲಿಲ್ಲ. ಇವರು ಮೊದಲನೆಯ ಆಮೆನ್ ಮುಗಿದ ಕೂಡಲೇ ಒಂದು ಕಣ್ಣು ತೆರೆದು "ಯಾಕ, ಇವತ್ತೂ ಇಲ್ಲೇನು?" ಅನ್ನುವರು. ಅವನು "ಇಲ್ಲ ಮಾಮಾ" ಅನ್ನುವನು. ಯಾಕಿಲ್ಲ ಎಂದು ಇವರು, ಯಾಕೆಂದರೆ ಎಂದು ಅವನು. ಸಾರಿನ ಮೇಲೆ ಕೊಬ್ಬಿನ ಪದರು ಕಟ್ಟಿ, ರೊಟ್ಟಿ ಹಪ್ಪಳವಾಗುವ ತನಕ ಎರಡನೆಯ ಪ್ರಾರ್ಥನೆ ಶುರುವಾಗುತ್ತಿರಲಿಲ್ಲ. ನಾನು ಒಂದು ದಿನ ಗದರಿದೆ. "ಸ್ವಾಮಿ ದೇವರಿದ್ರ ಇರಲಿ, ಮನುಷ್ಯ ಇದ್ರ ಇರಲಿ, ಆರಿದ ಸಾರು ಯಾರಿಗೂ ಸೇರಾಂಗಿಲ್ಲ."

ಮರುದಿನ ನಮ್ಮವರು ಪೇಟೆಗೆ ಹೋಗಿ ದೊಡ್ಡ ಹಾಟ್‌ಪಾಟ್ ತಂದರು. ಕೆಂಪು ಬಣ್ಣ, ಬಿಗಿ ಮುಚ್ಚಳ, ಒಳಗೆ ಸ್ಟೀಲು. ವಾದ ನಿಲ್ಲಿಸುವ ವಿಚಾರ ಅವರ ತಲೆಗೆ ಬರಲಿಲ್ಲ, ರೊಟ್ಟಿ ಬಿಸಿ ಇಡುವ ವಿಚಾರ ಬಂತು. ಫಿಟ್ಟರನ ಬುದ್ಧಿ ಹಾಗೆ. ಸಾರಿಗೆ ಮಾತ್ರ ಏನೂ ತರಲಿಲ್ಲ, ಅದು ಆರುತ್ತಲೇ ಇತ್ತು.

ಈ ವಾದದಲ್ಲಿ ನಮ್ಮ ಕುಕ್ಕರಿಗೂ ಒಂದು ಸ್ಥಾನವಿದೆ. ನಮ್ಮವರ ಕೈಯಲ್ಲಿದ್ದ ದೊಡ್ಡ ಅಸ್ತ್ರವೆಂದರೆ ಸಂಶಯಪಟ್ಟ ಶಿಷ್ಯನ ಸಂಗತಿ. ಸತ್ತು ಎದ್ದು ಬಂದ ಸ್ವಾಮಿಯ ಗಾಯ ನೋಡಿ ಅವನು ದೇವರೇ ಎಂದು ಕರೆದನಲ್ಲ, ಅದಕ್ಕೇನು ಹೇಳುತ್ತಿ ಎಂದು ಗಂಟು ಹಾಕುವರು. ದೇವಪುತ್ರ ಅದು ಗಾಬರಿಯ ಉದ್ಗಾರ ಅನ್ನುವನು. ಉದ್ಗಾರ ಅಂದರೇನೋ ಮಣ್ಣು ಎಂದು ಇವರು ರೇಗುತ್ತಿದ್ದಾಗಲೇ ಒಂದು ಭಾನುವಾರ ಒಳಗೆ ಕುಕ್ಕರಿನ ವಾಲ್ವು ಹಾರಿ ಬೇಳೆಯೆಲ್ಲ ಮೇಲಿನ ತಾರಸಿಗೆ ಬಡಿಯಿತು. ನಮ್ಮವರು ಜಿಗಿದೆದ್ದು "ಅಯ್ಯೋ ದೇವರ!" ಎಂದು ಕೂಗಿದರು.

ದೇವಪುತ್ರ ಕೂತಲ್ಲಿಂದ ಅಲ್ಲಾಡಲಿಲ್ಲ. "ಮಾಮಾ, ಈಗ ಕುಕ್ಕರ್ ದೇವರಾತೇನ್ರಿ?"

ನಮ್ಮವರು ಸೋತದ್ದನ್ನು ಒಪ್ಪಲಿಲ್ಲ. ಆದರೆ ಆ ಮಧ್ಯಾಹ್ನ ಸ್ಟೂಲಿನ ಮೇಲೆ ನಿಂತು ತಾರಸಿಯ ಬೇಳೆ ಒರೆಸುವಾಗ ತಮ್ಮಷ್ಟಕ್ಕೆ ನಗುತ್ತಲೇ ಇದ್ದರು.

ಇನ್ನೊಂದು ನೆನಪು ಲೋಣಾವಳಾದ್ದು. ಒಂದು ಮಳೆಗಾಲ ಮೂವರೂ ಲೋಕಲ್ ರೈಲಿನಲ್ಲಿ ಹೊರಟಿದ್ದೆವು. ಹೊರಗೆ ಮಂಜು, ಮಳೆ, ನೋಡಲು ಎಷ್ಟು ಚಂದ. ಇವರಿಬ್ಬರೂ ಕಿಟಕಿಗೆ ಬೆನ್ನು ಹಾಕಿ ಅದೇ ವಾದ. ಎದುರಿಗೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಮರಾಠಿ ಆಜಿಯೊಬ್ಬಳು ಇಬ್ಬರು ಗಂಡಸರು ಯಾಕೆ ಜಗಳ ಆಡುತ್ತಿದ್ದಾರೆ, ಹೊಲ ಪಾಲು ಮಾಡುವ ಜಗಳವೇನು ಎಂದು ನನ್ನನ್ನು ಕೇಳಿದಳು. ನಾನು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ, ನಮ್ಮ ಯೇಸು ದೇವರೋ ಮನುಷ್ಯನೋ ಎಂದು ಜಗಳ. ಆಜಿ ಮೊಮ್ಮಗಳ ಮೂಗು ಒರೆಸುತ್ತ "ದೇವಮಾಣೂಸ್ ಅಸೇಲ್" ಅಂದಳು. ದೇವರಂಥ ಮನುಷ್ಯ ಇದ್ದಾನು ಬಿಡಿ, ಎಂದು.

"ಕೇಳಿದೇನು? ಮೊದಲ ದೇವ ಅಂದಾಳ!" ಅಂದರು ನಮ್ಮವರು.

"ಕಡೀಕ ಮಾಣೂಸ್ ಅಂದಾಳ, ಅದನ್ನ ಕೇಳ್ರಿ," ಅಂದ ತಮ್ಮ.

ಲೋಣಾವಳಾದಿಂದ ತಿರುಗಿ ಬರುವಾಗಲೂ ಅದೇ. ತಂದ ಚಿಕ್ಕಿಯನ್ನೆಲ್ಲ ವಾದದಲ್ಲೇ ತಿಂದು ಮುಗಿಸಿದರು, ನನಗೆ ಖಾಲಿ ಡಬ್ಬಿ ಉಳಿಯಿತು.

ನಗುವ ಮಾತು ಇಷ್ಟೇ ಆದರೆ ಚೆನ್ನಾಗಿತ್ತು. ಒಂದು ಸಂಗತಿ ಮಾತ್ರ ನೆನೆದಾಗೆಲ್ಲ ಎದೆಯಲ್ಲಿ ಮುಳ್ಳಾಡುತ್ತದೆ.

ದೇವಪುತ್ರನ ಹುಟ್ಟಿದ ಹಬ್ಬ ಒಂದು ವರ್ಷ ಭಾನುವಾರವೇ ಬಂತು. ನಮ್ಮವರು ಬೆಳಿಗ್ಗೆ ಚರ್ಚಿನಿಂದ ಬರುವಾಗಲೇ ನನಗೆ ಹೇಳಿದ್ದರು. "ಇವತ್ತ ಅವನ ಸಲುವಾಗಿ ಪ್ರಾರ್ಥನಾ ತಂದೆಗೇ ಮಾಡ್ತೀನಿ. ಅವ ಒಂದ ಸಲ ನನಗ ಆಮೆನ್ ಅನ್ನಲಿ. ನನ್ನ ಆಶಾ ಅದ." ಊಟಕ್ಕೆ ಕೂತೆವು. ಕಣ್ಣು ಮುಚ್ಚಿದೆವು. ಅವರು ಪರಲೋಕದ ತಂದೆಯೇ ಎಂದು ಶುರು ಮಾಡಿ, ಈ ಹುಡುಗನಿಗೆ ಆಯುಷ್ಯ ಕೊಡು, ಇವನ ಅಂಗಡಿ ಕಾಯು, ಇವನು ಪ್ರಶ್ನೆ ಕೇಳುವುದನ್ನು ಬಿಡದಿರಲಿ ಎಂದು ನಿಧಾನವಾಗಿ, ಚಂದವಾಗಿ ಪ್ರಾರ್ಥಿಸಿದರು. ಯೇಸುವಿನ ಹೆಸರು ಎಲ್ಲೂ ಬರಲಿಲ್ಲ. ಮುಗಿಸಿ ಕಾದರು. ನಾನೂ ಬೇಕೆಂದೇ ಸುಮ್ಮನಿದ್ದೆ, ಮೊದಲು ಅವನ ದನಿ ಬರಲಿ ಎಂದು.

ಬರಲಿಲ್ಲ. ಕಣ್ಣು ತೆರೆದರೆ ಅವನು ಎಂದಿನಂತೆ ತುಟಿ ಬಿಗಿ ಹಿಡಿದು, ಮನಸ್ಸನ್ನು ಎಲ್ಲಿಗೋ ಕಳಿಸಿ ಕೂತಿದ್ದ.

"ಏನಪಾ ದೇವೂ, ಈ ಸಲ ತಂದಿಗೇ ಮಾಡೀನಲ್ಲೋ!"

ಅವನು ಬೆಚ್ಚಿಬಿದ್ದ. "ಹೌದೇನ್ರಿ? ನಾ ಕೇಳಲೇ ಇಲ್ಲ ಮಾಮಾ. ನೀವು ಬಾಯಿ ತೆಗೆದ ಕೂಡ್ಲೇ ನನ್ನ ಕಿವಿ ತಾವ ಮುಚ್ಚಿಕೋತಾವ, ರೂಢಿ ಆಗೇದ. ಇನ್ನೊಮ್ಮೆ ಮಾಡ್ರಿ, ಅಂತೀನಿ."

"ಅದೇನ ರೇಡಿಯೋ ಏನಲೇ, ಮತ್ತೊಮ್ಮೆ ಹಚ್ಚಾಕ?" ಅಂದರು ಇವರು. ನಗುತ್ತಲೇ ಅಂದರು. ಆದರೆ ಆ ದಿನ ಅವರು ಎರಡನೆಯ ರೊಟ್ಟಿ ಹಾಕಿಸಿಕೊಳ್ಳಲಿಲ್ಲ. ತಮ್ಮ ಹೋಗುವಾಗ ಬಾಗಿಲಲ್ಲಿ ನಿಂತು "ಮುಂದಿನ ಸಲ ಮಾಡ್ರಿ ಮಾಮಾ, ಕಿವಿ ತೆಗೆದು ಕೂಡ್ತೀನಿ" ಅಂದ. ನೋಡೋಣ ಅಂದರು. ಮರುವಾರ ಮತ್ತೆ ಯೇಸುಸ್ವಾಮಿ ಈ ಮನಿಗೆ ಬಾ ಎಂದೇ ಶುರುವಾಯಿತು. ಅವರಿಗೆ ಅದು ಬಿಟ್ಟು ಬೇರೆ ಪ್ರಾರ್ಥನೆ ತಾನಾಗಿ ನಾಲಗೆಗೆ ಬರುತ್ತಿರಲಿಲ್ಲವೇನೋ. ಹುಟ್ಟಿದ ಹಬ್ಬವೂ ಮತ್ತೆ ಭಾನುವಾರ ಬರಲಿಲ್ಲ.

ಆ ಬುಧವಾರ ಗೇಟಿನ ಬಳಿ ಜನ ಕೂಡಿದ್ದರು. ದೇವಪುತ್ರ ಅಂಗಡಿ ಮುಚ್ಚಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಾಚ್‌ಮನ್ ಅಳುತ್ತ ನಮ್ಮಿಬ್ಬರಿಗೂ ಹೇಳಿದ. "ಕಾಕಾ ಪಾಣೀ ಮಾಗತ್ ಹೋತೆ." ಕಾಕಾ ನೀರು ಕೇಳುತ್ತಿದ್ದರು. ಅವನು ಬಾಟಲಿ ತಂದು ಮುಚ್ಚಳ ತೆಗೆಯುವಷ್ಟರಲ್ಲಿ ತಲೆ ಪಕ್ಕಕ್ಕೆ ವಾಲಿತ್ತಂತೆ.

ದೇವಪುತ್ರ ಕಂಪೌಂಡಿನ ಗೋಡೆಯ ಕಡೆ ತಿರುಗಿ ನಿಂತ. ಅವನು ಭಾನುವಾರ ಕೇಳಿದ ಪ್ರಶ್ನೆ ನನಗೂ ನೆನಪಿತ್ತು. ಮಣ್ಣಿಗಿಡುವಾಗ ನಮ್ಮ ಚರ್ಚಿನ ಸಭಾಪಾಲಕರು ಪ್ರಾರ್ಥಿಸಿದ್ದು ಯೇಸುವಿಗೆ. ಮುಗಿದಾಗ ನನ್ನ ಹಿಂದಿನಿಂದ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಒಂದು ಆಮೆನ್ ಬಂತು. ಯಾರದೆಂದು ತಿರುಗಿ ನೋಡುವ ಧೈರ್ಯ ಆಗಲಿಲ್ಲ.

ಆಮೇಲಿನ ಭಾನುವಾರಗಳಲ್ಲೂ ಅವನು ಬಂದ. ಮನೆಯಲ್ಲಿ ಹಿರಿಯಳು ಈಗ ನಾನೇ, ಪ್ರಾರ್ಥನೆ ನನ್ನ ಪಾಲಿಗೆ ಬಂತು. ಯಾರಿಗೆ ಮಾಡಬೇಕೆಂದು ಯೋಚಿಸಿರಲಿಲ್ಲ. ಬಾಯಿ ತೆರೆದರೆ ಅವರ ಮಾತೇ ಬಂತು, ಯೇಸುಸ್ವಾಮಿ ಈ ಮನಿಗೆ ಬಾ, ನಮ್ಮ ಸಂಗಡ ಉಣ್ಣು. ತಮ್ಮ ಮೆತ್ತಗೆ, ಸ್ಪಷ್ಟವಾಗಿ ಅಂದ. "ಆಮೆನ್."

ಅಷ್ಟು ವರ್ಷ ಅವರು ಬೇಡಿ ಸಿಗದ ಮಾತು ನನಗೆ ಬೇಡದೆ ಸಿಕ್ಕಿತು. ನನಗೆ ಸಂತೋಷವಾಗಲಿಲ್ಲ. ಯಾರೋ ಪರಕೀಯರು ಬಂದು ಕೂತಂತೆ ಆಯಿತು.

"ಯಾಕ ಅಂದಿ?" ಅಂದೆ.

"ಇರಲಿ ಬಿಡಕ್ಕಾ. ಸಾರು ಆರತದ."

ಸಾರು ಆರಲಿಲ್ಲ. ಬಿಸಿ ಬಿಸಿ ಉಂಡೆವು. ನಾಲಗೆ ಸುಟ್ಟಿತು. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ಹಾಟ್‌ಪಾಟಿನ ಕೆಲಸ ಮುಗಿಯಿತು. ಅದನ್ನು ತೊಳೆದು ಒರೆಸಿ ಕಪಾಟಿನ ಮೇಲಿಟ್ಟೆ, ಕೆಲವು ದಿನದ ಮೇಲೆ ಅದರಲ್ಲಿ ಗುಂಡಿ, ಸೂಜಿ, ದಾರ ತುಂಬಿದೆ.

ನಾನೇ ಅವನನ್ನು ಕೆಣಕಲು ನೋಡಿದೆ. ವಾದ ಮಾಡಿ ರೂಢಿ ಇಲ್ಲದವಳು, ಅವರ ಮಾತುಗಳನ್ನು ನೆನಪು ಮಾಡಿಕೊಂಡು ಒಂದೊಂದೇ ಎಸೆದೆ. ಬಿರುಗಾಳಿಯಲ್ಲಿ ದೋಣಿಯಲ್ಲಿ ಮಲಗಿದ್ದನಲ್ಲ, ಅದಕ್ಕೇ ಅವನು ದೇವರು ಅಂದೆ. ಮಲಗಿದ್ದು ತಮ್ಮನ ಕಡೆಯ ಮಾತು, ಗಾಳಿಯನ್ನು ಗದರಿಸಿ ನಿಲ್ಲಿಸಿದ್ದು ಅವರ ಕಡೆಯ ಮಾತು. ನಾನು ಅದಲುಬದಲು ಮಾಡಿದ್ದೆ. ಅವರಿದ್ದಾಗ ಇಂಥ ತಪ್ಪು ಸಿಕ್ಕಿದ್ದರೆ ದೇವಪುತ್ರ ಕುಣಿದಾಡುತ್ತಿದ್ದ. ಈಗ ಅವನು ಅನ್ನಕ್ಕೆ ಸಾರು ಕಲಸುತ್ತ "ಹೌದಕ್ಕಾ, ಇರಬಹುದು" ಅಂದ. ಏನು ಹೇಳಿದರೂ ಅದೇ. ಹೌದಕ್ಕಾ, ಇರಬಹುದು.

ಅವರು ಹೋದ ಮೇಲೆ ನನಗೆ ಮೊದಲ ಸಲ ಆ ಪ್ರಶ್ನೆಯ ಉತ್ತರ ಬೇಕಾಗಿತ್ತು. ಮಧ್ಯಾಹ್ನ ಒಬ್ಬಳೇ ಕೂತಾಗ ಅನಿಸುತ್ತದೆ, ಸ್ವಾಮಿ ಮನುಷ್ಯನಾಗಿದ್ದರೆ ನನ್ನ ಪಕ್ಕದಲ್ಲಿ ಕೂತು ಅಳುತ್ತಾನೆ. ಗೆಳೆಯನ ಸಮಾಧಿಯ ಮುಂದೆ ಅತ್ತವನಲ್ಲವೇ. ದೇವರಾಗಿದ್ದರೆ ನಮ್ಮವರನ್ನು ಎಲ್ಲೋ ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ನನಗೆ ಎರಡೂ ಬೇಕು. ಎರಡನ್ನೂ ಎರಡು ಕಡೆಯಿಂದ ಹಿಡಿದು ಎಳೆಯುವ ಇಬ್ಬರು ಗಂಡಸರಿದ್ದಾಗ ಅದು ನನ್ನ ಮನೆಯಲ್ಲೇ ಇತ್ತು. ಒಬ್ಬರು ಹೋದರು. ಇನ್ನೊಬ್ಬ ಕೈಬಿಟ್ಟ.

ಹೋದ ಭಾನುವಾರದ ಮಾತು. ತಮ್ಮ ಬಂದು ಕೈಕಾಲು ತೊಳೆದು ಕೂತ. ನಾನು ಬಡಿಸುತ್ತ, ಯಾವುದೋ ಮಾತಿಗೆ, ನಮ್ಮವರು ಗಡ್ಡ ಮಾಡಿಕೊಳ್ಳುವ ಕನ್ನಡಿ ಮಸಕಾಗಿದೆ, ತೆಗೆಯಲು ಮನಸ್ಸಾಗುವುದಿಲ್ಲ ಅಂದೆ. ವಾದದ ತಯಾರಿಯನ್ನೆಲ್ಲ ಅವರು ಆ ಕನ್ನಡಿಯ ಮುಂದೆಯೇ ಮಾಡುತ್ತಿದ್ದರು. ಏನನ್ನೂ ಬರೆದಿಡುವವರಲ್ಲ. ಗಲ್ಲಕ್ಕೆ ನೊರೆ ಹಚ್ಚಿಕೊಂಡು, ರೇಜರ್ ಕನ್ನಡಿಯ ಕಡೆ ತೋರಿಸಿ, ದೇವಪುತ್ರನೇ ಎದುರಿಗಿದ್ದಂತೆ ಗೊಣಗುತ್ತಿದ್ದರು. ಹಾಗೆ ಹೇಳುತ್ತ ಹೇಳುತ್ತ ಬಾಯಿಂದ ಬಂತು.

"ಆ ಮಂಗಳವಾರನೂ ಹಂಗ ಗೊಣಗತಿದ್ರು. ಒಮ್ಮಿಂದೊಮ್ಮೆಲೆ ಜೋರಾಗಿ ನಕ್ಕರು. ಏನ್ರಿ ಅಂದೆ. ಸಿಕ್ತು, ರವಿವಾರ ಕೇಳು ಅಂದ್ರು."

ತಾಟು ಸರಿಸುತ್ತಿದ್ದ ದೇವಪುತ್ರನ ಕೈ ನಿಂತಿತು. "ಮಂಗಳವಾರ? ನನ್ನ ನೀರಡಿಕಿ ಮಾತಿಗೇನು?"

"ಮತ್ಯಾವುದಕ್ಕ?"

"ಹೆಂಗ ನಕ್ಕರು? ಮೂಗಿನಾಗೋ, ಬಾಯಿ ತೆಗೆದೋ?"

ಅವರಿಗೆ ಎರಡು ನಗೆ ಇದ್ದವು. ನಮ್ಮನ್ನು ಗೋಳುಹೊಯ್ದುಕೊಳ್ಳಲು ಮೂಗಿನಲ್ಲಿ ನಗುವರು. ಕೆಟ್ಟ ಮಿಕ್ಸರ್ ಬಿಚ್ಚಿ ಜೋಡಿಸಿ, ಗುಂಡಿ ಒತ್ತಿದಾಗ ತಿರುಗಿತೆಂದರೆ ಬಾಯಿ ತೆರೆದು ನಗುವರು. "ಬಾಯಿ ತೆಗೆದು," ಅಂದೆ.

"ಹಂಗಾರ ಉತ್ತರ ಸಿಕ್ಕಿತ್ತಕ್ಕಾ! ಇಷ್ಟ ದಿನ ನನಗ ಯಾಕ ಹೇಳಲಿಲ್ಲ ನೀನು?"

"ನೀ ಎಲ್ಲಿ ಕೇಳತಿದ್ದಿ? ಎಲ್ಲಾದಕ್ಕೂ ಹೌದು ಹೌದು ಅನಕೋತ ಕೂತಿದ್ದಿ."

ಅವನು ಎದ್ದೇ ಬಿಟ್ಟ. ತಾಟಿನ ಮುಂದಿನಿಂದ ಎದ್ದು ಕನ್ನಡಿಯ ಮುಂದೆ ಹೋಗಿ ನಿಂತು, ಮತ್ತೆ ಬಂದು ಕೂತ. "ಏನಂದಿರಬೇಕು? ನೀರಡಿಕಿ ಗೊತ್ತಿಲ್ಲದ ದೇವರು ನಮಗ್ಯಾಕ ಬೇಕು, ಅಂದಿರಬೇಕು." ತುಸು ಯೋಚಿಸಿ ತಲೆ ಅಲ್ಲಾಡಿಸಿದ. "ಇಲ್ಲ. ಅದು ಉಪದೇಶದ ಮಾತಾತು. ಮಾಮಾ ಉಪದೇಶ ಮಾಡೋರಲ್ಲ, ಅವರದೇನಿದ್ರೂ ನಟ್ಟು ಬೋಲ್ಟಿನ ಮಾತು."

"ಮಷೀನಿನೊಳಗ ಇಳಿದ ಫಿಟ್ಟರಗ ಎಣ್ಣಿ ಹತ್ತದ ಇರತದೇನು, ಅಂತಿದ್ರಲ್ಲ?" ಅಂದೆ ನಾನು.

"ಅದು ಹೌದು, ಅವರ ಮಾತು. ಆದ್ರ ಅದು ಹಳೇದಕ್ಕಾ! ಅದಕ್ಕ ಮಂಗಳವಾರ ಯಾಕ ನಗತಾರ? ಇಲ್ಲ, ಇಲ್ಲ. ನೀ ಅವರ ಕಡೆ ಮಾತಾಡಬ್ಯಾಡ, ನಿನಗ ಬರಾಂಗಿಲ್ಲ. ದೋಣಿ ಮಾತೂ ಅವತ್ತ ಉಲ್ಟಾ ಹೇಳಿದಿ."

"ಹಂಗಾರ ಅವತ್ತ ಯಾಕ ಹೌದಕ್ಕಾ ಅಂದಿ?"

ಅವನು ಆಗಲೇ ಮುಂದಿನ ಉತ್ತರಕ್ಕೆ ಹೋಗಿದ್ದ. ತಾನೇ ಮಾಮನ ಕಡೆಯಿಂದ ಒಂದು ಮಾತು ಕಟ್ಟಿದ, ತಾನೇ ಇಲ್ಲ ಎಂದು ಕೆಡವಿದ. ಮತ್ತೊಂದು ಕಟ್ಟಿದ, ಅದನ್ನೂ ಕೆಡವಿದ. ಇನ್ನೊಬ್ಬರ ಪರವಾಗಿ ಸೋಲಲು ಅಷ್ಟು ಕಷ್ಟಪಡುವವನನ್ನು ನಾನು ಕಂಡಿಲ್ಲ. ಒಂದು ಸಲ ಮಾತು ನಡುವೆ ನಿಲ್ಲಿಸಿ ಕನ್ನಡಿಯ ಕಡೆ ನೋಡಿ ಮೆಲ್ಲಗೆ ಅಂದ. "ಅವತ್ತ ನಾ ನೀರಿನ ಮಾತು ಕೇಳಬಾರದಿತ್ತಕ್ಕಾ."

"ಅವರಿಗೆ ಆ ಮಾತು ಸೇರಿತ್ತು. ಎರಡು ದಿನ ಅದರ ಜೊತೀಗೇ ಇದ್ದರು," ಅಂದೆ. ನಿಜವೇ ಅಂದೆ.

ನಾನು ಎದ್ದು ಕಪಾಟಿನ ಮೇಲಿನ ಹಾಟ್‌ಪಾಟ್ ತೆಗೆದೆ. ಗುಂಡಿ ದಾರವನ್ನೆಲ್ಲ ಹಳೆಯ ಡಬ್ಬಿಗೆ ಸುರಿದು, ಒಳಗೆ ಒರೆಸಿ, ರೊಟ್ಟಿ ಇಟ್ಟು ಮುಚ್ಚಿದೆ. ಸಾರಿನ ಮೇಲೆ ಬಿಳಿ ಪದರು ಕಟ್ಟುತ್ತಿತ್ತು. ಆಗ ನೆನಪಾಯಿತು, ಪ್ರಾರ್ಥನೆಯೇ ಆಗಿಲ್ಲ. ಕಣ್ಣು ಮುಚ್ಚಿ ಅವರ ಮಾತನ್ನೇ ಹೇಳಿದೆ. ಯೇಸುಸ್ವಾಮಿ, ಈ ಮನಿಗೆ ಬಾ, ನಮ್ಮ ಸಂಗಡ ಉಣ್ಣು. ಮುಗಿಸಿ ಕಾದೆ.

ಆಮೆನ್ ಬರಲಿಲ್ಲ.

"ಯಾಕ, ಇವತ್ತ ಇಲ್ಲೇನು?" ಅಂದೆ. ಅವರು ಅನ್ನುತ್ತಿದ್ದ ಹಾಗೆ ಒಂದು ಕಣ್ಣು ತೆರೆದು.

"ಇಲ್ಲಕ್ಕಾ," ಅಂದ ತಮ್ಮ. ಅವನ ಕಣ್ಣು ಒದ್ದೆಯಾಗಿತ್ತು. ಆಮೇಲೆ ತಾನು ತಂದೆಯಾದ ದೇವರಿಗೆ ತನ್ನ ಪ್ರಾರ್ಥನೆ ಮಾಡಿದ. ನಾನು ಆದಷ್ಟು ಜೋರಾಗಿ ಆಮೆನ್ ಅಂದೆ. ಗೋಡೆ ನಡುಗುವಷ್ಟು ನನ್ನ ದನಿಗೆ ಬಲವಿಲ್ಲ.

ಸಾರು ಆರಿತ್ತು. ಅದನ್ನೇ ಉಂಡೆವು. ಸಂಜೆ ಹೊರಡುವಾಗ ಅವನು ಚಪ್ಪಲಿ ಮೆಟ್ಟುತ್ತ ಇನ್ನೂ ಒಂದು ಉತ್ತರ ಹೇಳಿ ನೋಡಿದ, ರಿಕ್ಷಾ ಹತ್ತುವ ಮುಂಚೆ ತಿರುಗಿ ಅದೂ ಅಲ್ಲ ಎಂದು ಕೈ ಆಡಿಸಿದ. ಮಂಗಳವಾರ ಕನ್ನಡಿಯ ಮುಂದೆ ಅವರಿಗೆ ಸಿಕ್ಕ ಉತ್ತರ ಏನೆಂದು ನಮ್ಮಿಬ್ಬರಿಗೂ ಇನ್ನೂ ಗೊತ್ತಿಲ್ಲ.